ಚರ್ಚಿನಲ್ಲಿ ಮಧ್ಯಾಹ್ನದ ಜಾಝ್: ಟಿಕೆಟ್ ಇರಬೇಕೆ?

ಬ್ಯಾಂಕು, ಆಫೀಸುಗಳೇ ತುಂಬಿರುವ ಲಂಡನ್ನಿನ ಸಿಟಿ ಪ್ರದೇಶದ ಹಳೆಯ ಚರ್ಚುಗಳಲ್ಲಿ ವಾರದ ದಿನಗಳಂದು ಮಧ್ಯಾಹ್ನದ ಊಟದ ಹೊತ್ತಿಗೆ ಉಚಿತ ಸಂಗೀತ ಕಛೇರಿಗಳು ನಡೆಯುತ್ತವೆ. ಹೆಚ್ಚಿನವು ಪಿಯಾನೊ, ಆರ್ಗನ್, ಆಗೀಗ ಜಾಝ್. ಇವು ಪುಕ್ಕಟೆಯಾಗಿಯೇ ಇರಬೇಕೆ? ಅಲ್ಲೇ ನೆಲೆಸಿರುವ ಇಬ್ಬರು ಕನ್ನಡಿಗರು ಬರೆದಿದ್ದಾರೆ.

ಪರ: ಬಾಗಿಲು ತೆರೆದೇ ಇರಲಿ
(ಲೇಖಕಿ ಬ್ಯಾಂಕ್ ಉದ್ಯೋಗಿ)

ಸಿಟಿ ಎಂಬ ಆ ಒಂದು ಚದರ ಮೈಲಿಯಲ್ಲಿ ಮನೆ ಮಾಡಿಕೊಂಡಿದ್ದವರು 2021ರ ಜನಗಣತಿಯಲ್ಲಿ 9 ಸಾವಿರವೂ ಇರಲಿಲ್ಲ. ಅಲ್ಲಿ ಕೆಲಸಕ್ಕಿರುವವರು 6 ಲಕ್ಷಕ್ಕೂ ಮೇಲೆ. 1666ರ ಮಹಾ ಬೆಂಕಿಯ ನಂತರ ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್ ಮತ್ತವರ ಜೊತೆಗಾರರು ಇಲ್ಲಿ 51 ಚರ್ಚುಗಳನ್ನು ಮತ್ತೆ ಎಬ್ಬಿಸಿದರು. ಈಗ ಉಳಿದಿರುವುದು ಸುಮಾರು ಅರ್ಧ. ಭಾನುವಾರ ಜನವೇ ಇಲ್ಲದ ಬೀದಿಗಳಲ್ಲಿ ಆ ಕಟ್ಟಡಗಳು ಯಾರಿಗಾಗಿ ನಿಂತಿವೆ? ವಾರದ ದಿನ ಹಸಿದುಕೊಂಡು ಆಫೀಸಿನಿಂದ ಹೊರಬೀಳುವ ನಮಗಾಗಿ.

ದೇವರ ಮನೆಯಲ್ಲಿ ಜಾಝ್ ಯಾಕೆ ಎಂದು ಮೂಗು ಮುರಿಯುವವರಿದ್ದಾರೆ. ಅಮೆರಿಕದ ಜಾಝ್ ದಿಗ್ಗಜ ಡ್ಯೂಕ್ ಎಲಿಂಗ್ಟನ್ 1973ರಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬ್ಬೆ ಚರ್ಚಿನಲ್ಲೇ ತನ್ನ ಭಕ್ತಿಸಂಗೀತ ನುಡಿಸಿದ. ಆ ಗೋಡೆಗಳೇನೂ ಬಿದ್ದಿಲ್ಲ. ಬಾಗಿಲು ಹಾಕಿದರೆ ಏನಾಗುತ್ತದೆ ಎನ್ನುವುದನ್ನೂ ನೋಡಿದ್ದೇವೆ. ಲಂಡನ್ನಿನ ಪ್ರಾಮ್ಸ್ ಸಂಗೀತೋತ್ಸವ ನಡೆಸಿದ ಹೆನ್ರಿ ವುಡ್‌ನ ಚಿತಾಭಸ್ಮ ಇರುವ ಸೇಂಟ್ ಸೆಪಲ್ಕರ್ ಚರ್ಚು, ಅಂದರೆ ಸಂಗೀತಗಾರರದೇ ಚರ್ಚು ಎಂದು ಹೆಸರಾದದ್ದು, ಧಾರ್ಮಿಕವಲ್ಲದ ಕಛೇರಿಗಳಿಗೆ ಇನ್ನು ಜಾಗ ಕೊಡುವುದಿಲ್ಲ ಎಂದು 2017ರಲ್ಲಿ ಹೇಳಿದಾಗ ಊರಿನ ಸಂಗೀತಗಾರರೆಲ್ಲ ತಿರುಗಿಬಿದ್ದರು.

ನಮ್ಮಮ್ಮ ತಿಪಟೂರಿನಿಂದ ಬಂದಿದ್ದರು. ಪೌಂಡನ್ನು ರೂಪಾಯಿಗೆ ತಿರುಗಿಸದೆ ಅವರು ಒಂದು ಬಾಳೆಹಣ್ಣನ್ನೂ ಕೊಂಡವರಲ್ಲ. ಸಿಟಿಯ ಚೀಪ್‌ಸೈಡ್ ಬೀದಿಯ ಹತ್ತಿರ ಮಳೆ ಹಿಡಿಯಿತು, ಪಕ್ಕದ ಚರ್ಚಿನ ಬಾಗಿಲಿಗೆ ಓಡಿದೆವು. "ಚಪ್ಪಲಿ ಎಲ್ಲಿ ಬಿಡೋದೇ?" "ಬಿಡೋದು ಬೇಡಮ್ಮ." "ಟಿಕೆಟ್ ಎಷ್ಟು?" "ಇಲ್ಲ." "ಹಂಗಾದ್ರೆ ನಡಿ." ಒಳಗೆ ನಾಲ್ಕು ಜನರ ತಂಡ. ಸ್ಯಾಕ್ಸೊಫೋನ್ ಕಂಡದ್ದೇ ಅಮ್ಮ, "ಇದು ಕದ್ರಿ ಗೋಪಾಲನಾಥರ ವಾದ್ಯ ಅಲ್ವಾ!" ಎಂದರು, ಅದನ್ನು ಇಂಗ್ಲಿಷರಿಗೆ ಇವರೇ ಸಾಲ ಕೊಟ್ಟವರ ಹಾಗೆ. (ಗೋಪಾಲನಾಥರು 1994ರಲ್ಲಿ ಇದೇ ಊರಿನ ಪ್ರಾಮ್ಸ್‌ನಲ್ಲಿ ನುಡಿಸಿದ್ದರು ಎಂದೆ. ಅದು ಅವರಿಗೆ ಆಗಲೇ ಗೊತ್ತಿತ್ತು.) ಬಲಕ್ಕೆ ಹಳದಿ ಕೋಟಿನ ಕಟ್ಟಡ ಕೆಲಸದವನೊಬ್ಬ ಸ್ಯಾಂಡ್‌ವಿಚ್ ತಿನ್ನುತ್ತಿದ್ದ. ಡ್ರಮ್ಸ್ ತನಿ, ಅಂದರೆ ಒಂಟಿ ವಾದನ, ಶುರುವಾಯಿತು. ಅಮ್ಮ ತೊಡೆಯ ಮೇಲೆ ತಾಳ ಹಾಕತೊಡಗಿದರು, ನಡುವೆ ಲೆಕ್ಕ ತಪ್ಪಿತು, ಮತ್ತೆ ಹಿಡಿದರು. "ಎಲ್ಲೆಲ್ಲೋ ಹೋಗಿದ್ದ, ಸರಿಯಾಗಿ ಸಮಕ್ಕೆ ಬಂದ ನೋಡು!" ಎಂದದ್ದು ಸ್ವಲ್ಪ ಜೋರಾಗಿಯೇ ಕೇಳಿಸಿತು. (ಸಮ ಎಂದರೆ ತಾಳ ಶುರುವಾಗುವ ಪೆಟ್ಟು.) ಹಳದಿ ಕೋಟಿನವನು ತಿರುಗಿ ನಕ್ಕ. ಹೊರಗೆ ಬರುವಾಗ ಕಾಣಿಕೆ ಡಬ್ಬಿಗೆ ಐದು ಪೌಂಡಿನ ನೋಟು ಹಾಕಿದವರು ಅಮ್ಮ. ಆವತ್ತು ರೂಪಾಯಿ ಲೆಕ್ಕ ಬರಲಿಲ್ಲ.

ಹದಿನೈದು ಪೌಂಡಿನ ಟಿಕೆಟ್ ಇದ್ದಿದ್ದರೆ ನಾವು ಬಸ್ ಸ್ಟಾಪಿನಲ್ಲಿ ನೆನೆಯುತ್ತ ನಿಂತಿರುತ್ತಿದ್ದೆವು.

ಕಲಾವಿದರ ಹೊಟ್ಟೆಪಾಡು ಎಂದು ಎದುರು ಪಕ್ಷ ಎದೆ ಬಡಿದುಕೊಳ್ಳುವುದು ಗೊತ್ತಿದ್ದದ್ದೇ. ಇವರ ಮಾತು ಕೇಳಿದರೆ ನಾಳೆ ಚರ್ಚಿನ ಗಂಟೆಯ ಸದ್ದು ಕಿವಿಗೆ ಬಿದ್ದವರಿಗೂ ರಸೀದಿ ಹರಿಯಬೇಕಾದೀತು.

ವಿರೋಧ: ಡ್ರಮ್ಸ್ ಹೊತ್ತವರನ್ನು ಕೇಳಿ
(ಲೇಖಕರು ನಿವೃತ್ತ ಎಂಜಿನಿಯರ್)

ವಿರೋಧ ಬರೆಯಲು ಯಾರೂ ಸಿಗುತ್ತಿಲ್ಲ ಎಂದು ಸಂಪಾದಕರು ಫೋನ್ ಮಾಡಿದರು. ಒಪ್ಪಿಕೊಂಡಿದ್ದೇನೆ. ಇಂಥ ಕಛೇರಿಗಳಿಗೆ ನಾನೂ ಹೋಗುತ್ತೇನೆ ಎಂಬುದನ್ನು ಓದುಗರು ದಯವಿಟ್ಟು ಪಕ್ಕಕ್ಕಿಡಬೇಕು.

ಮಧ್ಯಾಹ್ನದ ಕಛೇರಿ ಎಂದರೆ ಪುಕ್ಕಟೆ, ಅದೇ ಲಂಡನ್ನಿನ ಸಂಪ್ರದಾಯ ಎನ್ನುತ್ತಾರೆ. ಈ ಊರಿನ ಅತಿ ಪ್ರಸಿದ್ಧ ಮಧ್ಯಾಹ್ನದ ಕಛೇರಿಗಳು ಪಿಯಾನೊ ವಾದಕಿ ಮೈರಾ ಹೆಸ್ 1939ರ ಅಕ್ಟೋಬರ್‌ನಲ್ಲಿ ನ್ಯಾಷನಲ್ ಗ್ಯಾಲರಿ ಎಂಬ ಚಿತ್ರಶಾಲೆಯಲ್ಲಿ ಶುರುಮಾಡಿದವು. ತಲೆಯ ಮೇಲೆ ಬಾಂಬು ಬೀಳುತ್ತಿದ್ದ ಕಾಲದಲ್ಲೂ 1946ರವರೆಗೆ ಅವು ನಡೆದವು. ಪ್ರವೇಶಕ್ಕೆ ಒಂದು ಶಿಲಿಂಗ್, ಅಂದರೆ ಪೌಂಡಿನ ಇಪ್ಪತ್ತರಲ್ಲೊಂದು ಪಾಲು! ಯುದ್ಧಕಾಲದಲ್ಲಿ ಒಂದು ಶಿಲಿಂಗ್ ಕೊಟ್ಟು ಸಾಲು ನಿಂತ ಊರಿನಲ್ಲಿ, ಇವತ್ತು ಕಾಫಿಗೆ ನಾಲ್ಕು ಪೌಂಡ್ ಕೊಡುವ ಬ್ಯಾಂಕಿನವರಿಗೆ ಸಂಗೀತ ಮಾತ್ರ ಬಿಟ್ಟಿ ಬೇಕು.

ಈಗ ಡ್ರಮ್ಸ್ ವಿಷಯ. ಪಿಯಾನೊ, ಆರ್ಗನ್ ಚರ್ಚಿನಲ್ಲೇ ಇರುತ್ತವೆ. ನುಡಿಸುವವರು ಕೈ ಬೀಸಿಕೊಂಡು ಬರಬಹುದು. ಜಾಝ್ ತಂಡಕ್ಕೆ ಡ್ರಮ್ಸ್ ಬೇಕು, ಡಬಲ್ ಬಾಸ್ ಎಂಬ ಆಳುದ್ದದ ತಂತಿವಾದ್ಯ ಬೇಕು. ಅವನ್ನು ವ್ಯಾನಿನಲ್ಲೇ ತರಬೇಕು. ವಾರದ ದಿನ ಹಗಲು ಹೊತ್ತು ಸಿಟಿಯೊಳಗೆ ವ್ಯಾನ್ ತಂದರೆ ವಾಹನ ದಟ್ಟಣೆ ತಗ್ಗಿಸಲು ಹಾಕುವ ದಟ್ಟಣೆ ಶುಲ್ಕ, 2026ರಲ್ಲಿ ಸಾಮಾನ್ಯ ದರ ದಿನಕ್ಕೆ 18 ಪೌಂಡ್. ಮೇಲೆ ಪಾರ್ಕಿಂಗ್. ಅಂದರೆ ಪುಕ್ಕಟೆ ಕಛೇರಿಗೆ ಆ ಕಟ್ಟಡದಲ್ಲಿ ದುಡ್ಡು ಕೊಟ್ಟು ಬಂದವರು ಡ್ರಮ್ಸ್‌ನವರು ಮಾತ್ರ. ನಮ್ಮ ಪಕ್ಕದ ಮನೆಯ ಹುಡುಗ ಡ್ರಮ್ಸ್ ನುಡಿಸುತ್ತಾನೆ. ಒಮ್ಮೆ ಹೀಗೇ ಒಂದು ಚರ್ಚಿನಲ್ಲಿ ನುಡಿಸಿ ಬಂದವನು, ಕಾಣಿಕೆಯಲ್ಲಿ ತನ್ನ ಪಾಲು ಶುಲ್ಕಕ್ಕೂ ಸಾಲಲಿಲ್ಲ ಎಂದ. "ನಾಲ್ಕು ಜನ ಕೇಳಿದರೆ ಹೆಸರು ಬರುತ್ತದೆ" ಎಂದು ಅವನಿಗೆ ಸಮಾಧಾನ ಹೇಳಿದ್ದರಂತೆ. ಸಂಗೀತಗಾರರನ್ನು ಸಂಬಳವಿಲ್ಲದೆ ದುಡಿಸಬೇಡಿ ಎಂದು ಬ್ರಿಟನ್ನಿನ ಮ್ಯೂಸಿಶಿಯನ್ಸ್ ಯೂನಿಯನ್ 2012ರಲ್ಲಿ ಆಂದೋಲನವನ್ನೇ ಹೂಡಿದ್ದು ಸುಮ್ಮನೆ ಅಲ್ಲ.

ಬಡವರು, ಪ್ರವಾಸಿಗರು, ಮಳೆಗೆ ಸಿಕ್ಕವರು ಏನು ಮಾಡಬೇಕು ಎನ್ನಬಹುದು. ಮಳೆಗೆ ಕೊಡೆ ಇದೆ.

ಇನ್ನೊಂದು: ಕಲ್ಲಿನ ಕಟ್ಟಡದಲ್ಲಿ ಸದ್ದು ಬೇಗ ಅಡಗುವುದಿಲ್ಲ. ಆರ್ಗನ್ನಿಗೆ ಅದು ಶೋಭೆ. ಡ್ರಮ್ಸ್‌ಗೆ ಹಾಗಲ್ಲ, ಒಂದು ಪೆಟ್ಟಿನ ಮೇಲೆ ಮತ್ತೊಂದು ಬಿದ್ದು ಎಲ್ಲ ಕಲಸಿಹೋಗುತ್ತದೆ. ಇದು ಟಿಕೆಟ್ಟಿನ ಪ್ರಶ್ನೆಗೆ ಸಂಬಂಧಿಸಿದ್ದಲ್ಲ ನಿಜ, ಆದರೂ ಹೇಳಿಬಿಡುತ್ತೇನೆ.

ಐದು ಪೌಂಡ್ ಇಡಲಿ, ವಿದ್ಯಾರ್ಥಿಗಳಿಗೆ ಬೇಡ. ಸಂಪಾದಕರು ಕೇಳಿದ್ದಕ್ಕಿಂತ ಇದು ಮೆತ್ತಗಾಯಿತೇನೋ. ಹತ್ತು ಎಂದು ಬೇಕಾದರೆ ಅವರೇ ತಿದ್ದಿಕೊಳ್ಳಲಿ.