ಮುಕ್ಕಾಲು ಕಿಲೋ ನೀರಿಗೆ ಒಂದು ಉಪವಾಸ

ತರಕಾರಿ ಅಂಗಡಿಯ ಮುಂದೆ ನಿಂತ ನಮ್ಮ ಗ್ರಾಹಕನನ್ನು ತೂಕದ ವಿಷಯದಲ್ಲಿ ಏಮಾರಿಸುವುದು ಸುಲಭವಲ್ಲ. ತಟ್ಟೆ ಖಾಲಿಯಿದ್ದಾಗ ಪರದೆಯಲ್ಲಿ ಸೊನ್ನೆ ಇದೆಯೇ ಎಂದು ಆತ ನೋಡುತ್ತಾನೆ, ಹುರುಳಿಕಾಯಿ ಐವತ್ತು ಗ್ರಾಂ ಕಡಿಮೆ ಬಿದ್ದರೆ ಇನ್ನೊಂದು ಹಿಡಿ ಹಾಕಿಸಿಕೊಳ್ಳುತ್ತಾನೆ, ಅನುಮಾನ ಬಂದರೆ ಪಕ್ಕದ ಅಂಗಡಿಯಲ್ಲಿ ಮತ್ತೊಮ್ಮೆ ತೂಗಿಸಿ ಬಂದು ಜಗಳ ತೆಗೆಯುತ್ತಾನೆ. ಅವನ ಬೆನ್ನಿಗೆ 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮವಿದೆ, ಅಂಗಡಿಯ ತಕ್ಕಡಿಗಳನ್ನು ಕಾಲಕಾಲಕ್ಕೆ ಪರಿಶೀಲಿಸಿ ಮುದ್ರೆ ಒತ್ತುವ ಇಲಾಖೆಯಿದೆ. ಇಷ್ಟೊಂದು ಜಾಗರೂಕನಾದ ಈ ಪ್ರಜೆಯೇ ಮರುದಿನ ಬೆಳಿಗ್ಗೆ, ರಿಯಾಯಿತಿ ದರದಲ್ಲಿ ಮನೆಬಾಗಿಲಿಗೆ ತರಿಸಿಕೊಂಡ, ಯಾವ ಅಧಿಕಾರಿಯೂ ಬಂದು ನೋಡದ ಒಂದು ಗಾಜಿನ ಹಲಗೆಯ ಮೇಲೆ ಬರಿಗಾಲಿನಲ್ಲಿ ಹತ್ತಿ ನಿಂತು, ಅದು ತೋರಿಸಿದ ಅಂಕಿಯನ್ನು ತಲೆಬಾಗಿ ಸ್ವೀಕರಿಸುತ್ತಾನೆ. ನಿನ್ನೆ 71.8 ಇದ್ದದ್ದು ಇಂದು 73.1 ಆಗಿದೆ. ಹುರುಳಿಕಾಯಿಯ ಐವತ್ತು ಗ್ರಾಮಿಗೆ ರಂಪ ಮಾಡಿದವನು, ತನ್ನದೇ ಒಂದು ಕಿಲೋ ಮುನ್ನೂರು ಗ್ರಾಂ ರಾತ್ರೋರಾತ್ರಿ ಎಲ್ಲಿಂದ ಬಂತೆಂದು ಯಾರನ್ನೂ ಕೇಳುವುದಿಲ್ಲ. ನೇರವಾಗಿ ಅಡುಗೆಮನೆಗೆ ಹೋಗಿ, ತನಗೆ ಇವತ್ತು ತಿಂಡಿ ಬೇಡವೆಂದು ಘೋಷಿಸುತ್ತಾನೆ.

ತೂಕದ ಯಂತ್ರವೆಂಬ ಈ ಹಲಗೆಯ ಯೋಗ್ಯತೆಯನ್ನು ಸ್ವಲ್ಪ ವಿಚಾರಿಸಬೇಕು. ಅದರ ನಾಲ್ಕು ಮೂಲೆಯ ಕಾಲುಗಳಲ್ಲಿ ಒಂದೊಂದು ಲೋಡ್ ಸೆಲ್ ಇರುತ್ತದೆ. ನಾವು ಹತ್ತಿ ನಿಂತಾಗ ಅದರೊಳಗಿನ ಲೋಹದ ಪಟ್ಟಿ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಪಟ್ಟಿಗೆ ಅಂಟಿಸಿದ ತೆಳ್ಳನೆಯ ವಾಹಕದ ವಿದ್ಯುತ್ ರೋಧ ಅಷ್ಟಿಷ್ಟು ಬದಲಾಗುತ್ತದೆ, ಆ ಬದಲಾವಣೆಯನ್ನು ಒಂದು ಚಿಪ್ ಕಿಲೋಗ್ರಾಂಗಳ ಲೆಕ್ಕಕ್ಕೆ ತಿರುಗಿಸುತ್ತದೆ. ನಾಲ್ಕೂ ಕಾಲುಗಳು ಗಟ್ಟಿಯಾದ, ಸಮತಟ್ಟಾದ ನೆಲವನ್ನು ಊರಿದ್ದರೆ ಮಾತ್ರ ಈ ಲೆಕ್ಕ ನೆಟ್ಟಗಿರುತ್ತದೆ. ನಮ್ಮ ಬಚ್ಚಲುಮನೆಯ ನೆಲವನ್ನಾದರೋ ನೀರು ಹರಿದುಹೋಗಲೆಂದು ಮೇಸ್ತ್ರಿ ಇಳಿಜಾರಾಗಿಯೇ ಮಾಡಿರುತ್ತಾನೆ. ಹೀಗಾಗಿ ಯಂತ್ರದ ಕಾಯಂ ವಾಸ ಮಂಚದ ಕೆಳಗೆ. ದಿನವೂ ಅದನ್ನು ಕಾಲಿನಿಂದ ಎಳೆದು ಹೊರತೆಗೆದು, ಒಂದು ದಿನ ಟೈಲ್ಸಿನ ನಡುವೆ, ಇನ್ನೊಂದು ದಿನ ಎರಡು ಟೈಲ್ಸುಗಳ ಸಂದಿಯ ಮೇಲೆ, ಚಳಿಗಾಲದಲ್ಲಿ ಪಾದ ಕೊರೆಯುತ್ತದೆಂದು ಕಾಲೊರಸಿನ ಮೇಲೆ ಇಟ್ಟು ಹತ್ತಲಾಗುತ್ತದೆ. ಜಾಗ ಬದಲಿಸಿದ ಮೇಲೆ ಒಮ್ಮೆ ಮೆಟ್ಟಿ, ಇಳಿದು, ಪರದೆ ಸೊನ್ನೆಗೆ ಮರಳಿದ ಬಳಿಕವಷ್ಟೇ ತೂಗಿಕೊಳ್ಳಬೇಕೆಂದು ಅನೇಕ ತಯಾರಕರು ಒಂದು ಕಾಗದದಲ್ಲಿ ಬರೆದು ಕಳಿಸಿರುತ್ತಾರೆ. ಆ ಕಾಗದ ರಟ್ಟಿನ ಡಬ್ಬದ ಜೊತೆಯಲ್ಲೇ ರದ್ದಿಗೆ ಹೋಗಿರುತ್ತದೆ.

ಪ್ಯಾರಿಸ್ ಬಳಿಯ ಸೆವ್ರ್‌ನಲ್ಲಿ 1889ರಿಂದ ಜಗತ್ತಿನ ಕಿಲೋಗ್ರಾಂ ಎಂದರೆ ಇದೇ ಎಂದು ಬೀಗಮುದ್ರೆಯಲ್ಲಿ ಕಾಪಾಡಿಕೊಂಡು ಬಂದಿದ್ದ ಪ್ಲಾಟಿನಂ-ಇರಿಡಿಯಂ ಉರುಳೆಗೂ ಅದರ ಅಧಿಕೃತ ಪ್ರತಿಗಳಿಗೂ ನಡುವೆ ಒಂದು ಶತಮಾನದಲ್ಲಿ ಸುಮಾರು 50 ಮೈಕ್ರೋಗ್ರಾಂಗಳ ಅಂತರ ಕಂಡುಬಂತು. ಗ್ರಾಮಿನ ಹತ್ತು ಲಕ್ಷದ ಐವತ್ತು ಭಾಗದ ಈ ಅಂತರಕ್ಕೆ ವಿಜ್ಞಾನಿಗಳು ದಶಕಗಳ ಕಾಲ ತಲೆ ಕೆಡಿಸಿಕೊಂಡು, ಕೊನೆಗೆ ಉರುಳೆಯನ್ನೇ ಕೈಬಿಟ್ಟು, 2019ರ ಮೇ 20ರಿಂದ ಕಿಲೋಗ್ರಾಮನ್ನು ಪ್ಲಾಂಕ್ ಸ್ಥಿರಾಂಕವೆಂಬ, ಎಂದೂ ಬದಲಾಗದ ಭೌತಶಾಸ್ತ್ರದ ಅಂಕಿಗೆ ಕಟ್ಟಿಹಾಕಿದರು. ನಮ್ಮ ಮನೆಗಳಲ್ಲಿ ಟೈಲ್ಸಿನಿಂದ ಕಾಲೊರಸಿಗೆ ಬಂದ ಮಾತ್ರಕ್ಕೆ ಮನುಷ್ಯನೊಬ್ಬ ಕಿಲೋಗಟ್ಟಲೆ ಹೆಚ್ಚು ಕಡಿಮೆಯಾದರೂ ಕಾಲೊರಸಿನ ಮೇಲೆ ಯಾರೂ ಬೆರಳು ತೋರುವುದಿಲ್ಲ. ಅಪರಾಧವನ್ನು ಹಿಂದಿನ ರಾತ್ರಿಯ ಚಪಾತಿಯ ಮೇಲೆ ಹೊರಿಸಲಾಗುತ್ತದೆ.

ಗ್ರಾಹಕರು ಸುಮ್ಮನೆ ಕುಳಿತಿದ್ದರೆಂದು ಹೇಳುವಂತಿಲ್ಲ. ಒಂದೇ ನಿಮಿಷದಲ್ಲಿ ಎರಡು ಸಲ ಹತ್ತಿದರೆ ಎರಡು ಅಂಕಿ ಬರುತ್ತದೆಂಬುದು ಅವರ ಹಳೆಯ ದೂರು. ಅಗ್ಗದ ಯಂತ್ರದಲ್ಲಿ ಅದು ಸಹಜ, ಪ್ರಾಮಾಣಿಕವೂ ಹೌದು. ಆದರೆ ದುಡ್ಡು ಕೊಟ್ಟವರಿಗೆ ಪ್ರಾಮಾಣಿಕತೆಗಿಂತ ಸ್ಥಿರತೆ ಇಷ್ಟ. ಅಳತೆಯನ್ನು ನಿಖರಗೊಳಿಸುವುದು ಖರ್ಚಿನ ಬಾಬತ್ತಾದ್ದರಿಂದ ತಯಾರಕರು ಬುದ್ಧಿವಂತಿಕೆಯ ದಾರಿ ಹಿಡಿದರು. ಈಗ ಬರುವ ಹಲವು ಡಿಜಿಟಲ್ ಯಂತ್ರಗಳು ನೀವು ಕಳೆದ ಸಲ ಎಷ್ಟು ತೂಗಿದಿರೆಂಬುದನ್ನು ನೆನಪಿಟ್ಟುಕೊಳ್ಳುತ್ತವೆ. ಹೊಸ ಅಳತೆ ಅದರ ಆಸುಪಾಸಿನ ಕೆಲವು ನೂರು ಗ್ರಾಂಗಳೊಳಗೆ ಇದ್ದರೆ, ಹೊಸದನ್ನು ಮುಚ್ಚಿಟ್ಟು ಹಳೆಯ ಅಂಕಿಯನ್ನೇ ಮತ್ತೆ ಮಿನುಗಿಸುತ್ತವೆ. ಸಾಹೇಬರಿಗೆ ನಿನ್ನೆ ಯಾವ ಉತ್ತರ ಒಪ್ಪಿಗೆಯಾಯಿತೋ ಅದನ್ನೇ ಇಂದೂ ಒಪ್ಪಿಸುವ ಗುಮಾಸ್ತನ ಹಾಗೆ ಇದು ಬಡ್ತಿಗೆ ಅರ್ಹವಾದ ನಡವಳಿಕೆ. ಒಂದು ಲೋಟ ನೀರು ಕುಡಿದು ಮತ್ತೆ ಹತ್ತಿ ನೋಡಿ, ಅಂಕಿ ಕದಲುವುದಿಲ್ಲ. ಮಗುವನ್ನು ಎತ್ತಿಕೊಂಡು ಒಮ್ಮೆ ತೂಗಿ, ಇಳಿಸಿ, ಆಮೇಲೆ ಒಬ್ಬರೇ ಹತ್ತಿ ನೋಡಿ, ಆಗ ಹಳೆಯ ನೆನಪು ಅಳಿಸಿಹೋಗಿ ನಿಜವಾದ ಅಂಕಿ ಹೊರಬೀಳಬಹುದು. ನಾಲ್ಕು ದಿನ ಒಂದೇ ತೂಕ ತೋರಿಸಿ ಐದನೆಯ ದಿನ ಏಕಾಏಕಿ ಮುಕ್ಕಾಲು ಕಿಲೋ ಜಿಗಿಯುವ ಪವಾಡದ ಹಿಂದೆ ಅನೇಕ ಬಾರಿ ಇರುವುದು ಈ ನಯವಿನಯವೇ. ಸತ್ಯ ಹೇಳಿದ ಯಂತ್ರಕ್ಕೆ ಒಂದು ನಕ್ಷತ್ರ, ಹೇಳಿದ್ದನ್ನೇ ಹೇಳಿದ ಯಂತ್ರಕ್ಕೆ ಐದು ನಕ್ಷತ್ರ ಕೊಟ್ಟವರು ನಾವೇ ಆಗಿರುವುದರಿಂದ ದೂರನ್ನು ಯಾರ ಮೇಲೆ ದಾಖಲಿಸಬೇಕೆಂಬುದು ಕಾನೂನು ಪಂಡಿತರಿಗೆ ಬಿಟ್ಟ ವಿಚಾರ.

ಯಂತ್ರ ಸರಿಯಾಗಿಯೇ ಇದೆ ಎಂದಿಟ್ಟುಕೊಂಡರೂ ಅಂಕಿ ನಿಲ್ಲುವುದಿಲ್ಲ, ಏಕೆಂದರೆ ಮೇಲೆ ನಿಂತವನು ನಿಂತಲ್ಲಿ ನಿಲ್ಲುವವನಲ್ಲ. ಅರ್ಧ ಕಿಲೋ ಊಟ ಮಾಡಿದವನು ಎದ್ದ ಕೂಡಲೇ ಅರ್ಧ ಕಿಲೋ ಹೆಚ್ಚು ತೂಗುತ್ತಾನೆಂಬ ನಿಯಮವನ್ನು ಶಾಲೆ ಮುಗಿಸಿದವರೆಲ್ಲರೂ ತಾತ್ವಿಕವಾಗಿ ಒಪ್ಪುತ್ತಾರೆ, ತಮ್ಮ ವಿಷಯದಲ್ಲಿ ಮಾತ್ರ ಒಪ್ಪುವುದಿಲ್ಲ. ಉಪ್ಪಿನದು ಇನ್ನೊಂದು ಕಥೆ. ನಮ್ಮ ದೇಹದ ದ್ರವದಲ್ಲಿ ಲೀಟರಿಗೆ ಸುಮಾರು 9 ಗ್ರಾಂ ಉಪ್ಪಿನ ಹದವಿರುವುದರಿಂದ, ಮದುವೆಮನೆಯ ಉಪ್ಪಿನಕಾಯಿ, ಹಪ್ಪಳ, ಸಾರುಗಳ ಮೂಲಕ ನಾಲ್ಕೈದು ಗ್ರಾಂ ಹೆಚ್ಚುವರಿ ಉಪ್ಪು ಒಳಗಿಳಿಸಿದವನ ಮೈಯಲ್ಲಿ ಅರ್ಧ ಲೀಟರ್ ನೀರು, ಮೂತ್ರಪಿಂಡಗಳು ಆ ಉಪ್ಪನ್ನು ಹೊರಗೆ ಹಾಕುವವರೆಗೆ, ಬಿಡಾರ ಹೂಡುತ್ತದೆ. ಜೊತೆಗೆ ಅನ್ನ, ಮುದ್ದೆ, ಪಾಯಸಗಳ ಪಿಷ್ಟದಲ್ಲಿ ಒಂದಂಶ ಗ್ಲೈಕೋಜನ್ ಆಗಿ ಯಕೃತ್ತಿನಲ್ಲೂ ಸ್ನಾಯುಗಳಲ್ಲೂ ಸೇರುತ್ತದೆ. ಅದರ ಪ್ರತಿ ಗ್ರಾಮೂ ಸುಮಾರು ಮೂರು ಗ್ರಾಂ ನೀರನ್ನು ಬಗಲಲ್ಲಿ ಕಟ್ಟಿಕೊಂಡೇ ಕೂರುತ್ತದೆ. ಮದುವೆಯ ಮರುದಿನ ತೋರುವ ಒಂದೂವರೆ ಕಿಲೋ ಇಂಥ ಬಾಡಿಗೆದಾರರದೇ ಹೊರತು ಕೊಬ್ಬಿನದಲ್ಲ. ಒಂದು ಕಿಲೋ ಕೊಬ್ಬು ಕೂಡಬೇಕಾದರೆ ದಿನದ ಖರ್ಚಿನ ಮೇಲೆ ಸುಮಾರು 7,700 ಕಿಲೋಕ್ಯಾಲರಿ ಹೆಚ್ಚಾಗಿ ಒಳಗೆ ಹೋಗಬೇಕು. ಮಸಾಲೆದೋಸೆಯೊಂದಕ್ಕೆ 400 ಎಂದು ಧಾರಾಳವಾಗಿ ಹಿಡಿದರೂ ಎರಡು ಹೊತ್ತಿನ ಊಟದ ಜೊತೆಗೆ 19 ದೋಸೆಗಳನ್ನು ಮುಗಿಸಿರಬೇಕಾಗುತ್ತದೆ. ಅಷ್ಟನ್ನು ತಿಂದವರು ಮರುದಿನ ಬೆಳಿಗ್ಗೆ ತೂಕದ ಯಂತ್ರ ಹತ್ತುವ ಸ್ಥಿತಿಯಲ್ಲಿ ಇರುವುದಿಲ್ಲ.

ಇದೇ ಲೆಕ್ಕವನ್ನು ತಿರುಗಿಸಿ ನೋಡಿದರೆ ಇನ್ನೂ ದೊಡ್ಡ ಅನ್ಯಾಯ ಹೊರಬೀಳುತ್ತದೆ. ದಿನಕ್ಕೆ 500 ಕಿಲೋಕ್ಯಾಲರಿ ಕಡಿಮೆ ತಿಂದು ನಿಷ್ಠೆಯಿಂದ ನಡೆದುಕೊಂಡ ಸಜ್ಜನನ ಮೈಯಿಂದ ಒಂದು ದಿನಕ್ಕೆ ಕರಗುವ ಕೊಬ್ಬು ಸುಮಾರು 65 ಗ್ರಾಂ. ಅವನ ಯಂತ್ರ ಗುರುತಿಸಬಲ್ಲ ಅತಿ ಸಣ್ಣ ಅಂಕಿಯೇ 100 ಗ್ರಾಂ. ಅಂದರೆ ಒಂದು ದಿನದ ನಿಜವಾದ ಸಾಧನೆ ಪರದೆಯ ಮೇಲೆ ಮೂಡಲು ಅವಕಾಶವೇ ಇಲ್ಲ. ಮೂಡುವುದೇನಿದ್ದರೂ ಹಿಂದಿನ ರಾತ್ರಿಯ ಹಪ್ಪಳ. ಹೊಸದಾಗಿ ಜಿಮ್ ಸೇರಿದವನ ಪಾಡಂತೂ ಕೇಳುವುದೇ ಬೇಡ. ಅಭ್ಯಾಸವಿಲ್ಲದೆ ದುಡಿದು ನೋವುಗೊಂಡ ಸ್ನಾಯುಗಳು ದುರಸ್ತಿಗಾಗಿ ನೀರು ಹಿಡಿದಿಡುವುದರಿಂದ ಮೊದಲ ವಾರ ಅವನ ತೂಕ ಏರುತ್ತದೆ. ವ್ಯಾಯಾಮದಿಂದ ತನಗೆ ಮೈ ಬರುತ್ತದೆಂದು ತೀರ್ಮಾನಿಸಿ, ವರ್ಷದ ಶುಲ್ಕವನ್ನು ಜಿಮ್ಮಿಗೆ ದಾನ ಮಾಡಿ, ಅವನು ಶಾಶ್ವತವಾಗಿ ಮನೆಗೆ ಮರಳುತ್ತಾನೆ.

ನಾಲ್ಕು ಶತಮಾನಗಳ ಹಿಂದೆ ಇಟಲಿಯ ಸ್ಯಾಂಟೋರಿಯೊ ಎಂಬ ವೈದ್ಯ ದೊಡ್ಡ ತಕ್ಕಡಿಗೆ ಕುರ್ಚಿಯೊಂದನ್ನು ತೂಗುಹಾಕಿ, ಅದರಲ್ಲಿ ಕುಳಿತು, ತಿಂದದ್ದು, ಕುಡಿದದ್ದು, ವಿಸರ್ಜಿಸಿದ್ದು ಎಲ್ಲವನ್ನೂ ವರ್ಷಗಟ್ಟಲೆ ತೂಗಿದ. ಎಂಟು ಪೌಂಡ್ ಒಳಗೆ ಹೋದರೆ ಅದರಲ್ಲಿ ಐದು ಪೌಂಡ್ ಕಣ್ಣಿಗೆ ಕಾಣದಂತೆ ಚರ್ಮದಿಂದಲೂ ಉಸಿರಿನಿಂದಲೂ ಆವಿಯಾಗಿ ಹೋಗಬಹುದೆಂದು 1614ರಲ್ಲಿ ಪ್ರಕಟಿಸಿದ. ನಾವೂ ರಾತ್ರಿ ಮಲಗಿ ಬೆಳಿಗ್ಗೆ ಏಳುವುದರೊಳಗೆ ಕಾಲು ಕಿಲೋದಷ್ಟನ್ನು ಹೀಗೆಯೇ ಗಾಳಿಗೆ ಬಿಟ್ಟಿರುತ್ತೇವೆ. ಅವನಿಗೆ ಅದು ವೈದ್ಯಶಾಸ್ತ್ರದ ಹೊಸ ಬಾಗಿಲಾಗಿ ಕಂಡಿತು. ನಮಗೆ ಅದು, ರಾತ್ರಿ ಬಿಸಿನೀರಿಗೆ ನಿಂಬೆರಸ ಹಿಂಡಿ ಕುಡಿದದ್ದರ ಫಲವಾಗಿ ಕಾಣುತ್ತದೆ.

ಈ ಅಜ್ಞಾನ ಒಮ್ಮೆ ರಾಷ್ಟ್ರೀಯ ಮಟ್ಟದಲ್ಲಿ ಪ್ರದರ್ಶನಗೊಂಡಿತು. 2024ರ ಆಗಸ್ಟ್ 6ರ ಬೆಳಿಗ್ಗೆ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 50 ಕಿಲೋ ಮಿತಿಯೊಳಗೆ ತೂಗಿ, ಅದೇ ದಿನ ಮೂರು ಕುಸ್ತಿಗಳನ್ನು ಗೆದ್ದು ಫೈನಲ್ ತಲುಪಿದ ವಿನೇಶ್ ಫೋಗಟ್, ಸಂಜೆಯ ಹೊತ್ತಿಗೆ ಮಿತಿಗಿಂತ ಎರಡೂವರೆ ಕಿಲೋಗೂ ಹೆಚ್ಚು ಭಾರವಾಗಿದ್ದರು. ಒಣಗಿಸಿದ ಮೈಗೆ ನೀರು, ಆಹಾರ ಮರಳಿದರೆ ಆಗುವುದೇ ಹಾಗೆ. ರಾತ್ರಿಯಿಡೀ ಬೆವರು ಹರಿಸಿ, ಕೂದಲನ್ನೂ ಕತ್ತರಿಸಿ, ಮರುದಿನ ಬೆಳಿಗ್ಗೆ 100 ಗ್ರಾಮಿನಷ್ಟೇ ಹೆಚ್ಚಿಗೆ ಉಳಿದ ಕಾರಣಕ್ಕೆ ಅವರು ಅನರ್ಹರಾದರು. ಕ್ರೀಡಾಪಟುವಿನ ನೋವಿನ ಬಗ್ಗೆ ಹಾಸ್ಯಕ್ಕೆ ಎಡೆಯಿಲ್ಲ, ಇರುವುದು ಇತ್ತ ಕಡೆ ಮಾತ್ರ. ಒಂದೇ ದಿನದಲ್ಲಿ ಎರಡೂವರೆ ಕಿಲೋ ಏರುವುದು ಹೇಗೆ ಸಾಧ್ಯ, ಇದರಲ್ಲೇನೋ ಒಳಸಂಚಿದೆ ಎಂದು ವಾರವಿಡೀ ಗುಡುಗಿದವರಲ್ಲಿ ಬಹುತೇಕರು ಪ್ರತಿ ಭಾನುವಾರ ಬಿರಿಯಾನಿಯೊಂದಿಗೆ ಅದರ ಅರ್ಧದಷ್ಟನ್ನು, ಯಾವ ಒಳಸಂಚೂ ಇಲ್ಲದೆ, ಸ್ವಂತ ಬಲದಿಂದ ಸಾಧಿಸುವವರಾಗಿದ್ದರು.

ಹಿಂದೆ ರೈಲು ನಿಲ್ದಾಣಗಳಲ್ಲಿ ತೂಕದ ಯಂತ್ರಗಳಿದ್ದವು. ನಾಣ್ಯ ಹಾಕಿದರೆ ಬಣ್ಣದ ದೀಪಗಳು ಮಿನುಗಿ, ಚಕ್ರ ತಿರುಗಿ, ಒಂದು ಗಟ್ಟಿ ಚೀಟಿ ಹೊರಬೀಳುತ್ತಿತ್ತು. ಅದರ ಒಂದು ಬದಿಯಲ್ಲಿ ತೂಕ, ಇನ್ನೊಂದು ಬದಿಯಲ್ಲಿ ಭವಿಷ್ಯ. ಜನ ತೂಕವನ್ನು ನೋಡಿ ನಕ್ಕು, ಭವಿಷ್ಯವನ್ನು ಓದಿ ಜೇಬಿಗಿಟ್ಟುಕೊಳ್ಳುತ್ತಿದ್ದರು. ಈಗಿನ ಸ್ಮಾರ್ಟ್ ಯಂತ್ರಗಳು ಚೀಟಿಯ ಎರಡೂ ಬದಿಗಳನ್ನು ಮೊಬೈಲಿಗೆ ತಂದಿವೆ. ಪಾದಗಳ ಮೂಲಕ ಕ್ಷೀಣವಾದ ವಿದ್ಯುತ್ತನ್ನು ಹರಿಸಿ, ಅದು ಒಂದು ಕಾಲಿನಲ್ಲಿ ಹತ್ತಿ ಇನ್ನೊಂದು ಕಾಲಿನಲ್ಲಿ ಇಳಿಯುವಾಗ ಎದುರಾದ ತಡೆಯನ್ನಷ್ಟೇ ಅಳೆದು, ಉಳಿದದ್ದನ್ನು ನೀವೇ ಕೊಟ್ಟ ಎತ್ತರ, ವಯಸ್ಸು, ಲಿಂಗಗಳಿಂದ ಸೂತ್ರ ಹಾಕಿ ಊಹಿಸಿ, ಕೊಬ್ಬು, ಸ್ನಾಯು, ಮೂಳೆ ಇಂತಿಷ್ಟೆಂದು ದಶಮಾಂಶ ಸಹಿತ ವರದಿ ಒಪ್ಪಿಸುತ್ತವೆ. ವಿದ್ಯುತ್ತು ಸೊಂಟದಿಂದ ಮೇಲಕ್ಕೆ ಬಹುಮಟ್ಟಿಗೆ ಹೋಗಿಯೇ ಇರುವುದಿಲ್ಲ, ಆದರೆ ತೋಳಿನ ಕೊಬ್ಬಿನ ಬಗ್ಗೆಯೂ ಅಭಿಪ್ರಾಯವಿರುತ್ತದೆ. ಸ್ನಾನ ಮಾಡಿ ಒದ್ದೆಗಾಲಿನಲ್ಲಿ ಹತ್ತಿದರೆ ಶೇಕಡಾವಾರು ಬದಲಾಗುತ್ತದೆ. ಕೊನೆಯಲ್ಲಿ 'ನಿಮ್ಮ ಚಯಾಪಚಯ ವಯಸ್ಸು 52' ಎಂಬ ಒಂದು ಸಾಲು ಬರುತ್ತದೆ. ನಲವತ್ತರ ಗೃಹಸ್ಥ ಅದನ್ನು ಓದಿ, ಸಂಜೆಯವರೆಗೆ ಐವತ್ತೆರಡರವನಂತೆಯೇ ಮೆಟ್ಟಿಲು ಹತ್ತುತ್ತಾನೆ.

ಇಷ್ಟೆಲ್ಲ ನೀರಿನ ಮೇಲೆ ಒಂದು ಸಾರ್ವಜನಿಕ ಕ್ರೀಡೆಯೂ ನಿಂತಿದೆ. ಬೆಂಗಳೂರಿನ ಕಚೇರಿಗಳೂ ಅಪಾರ್ಟ್‌ಮೆಂಟ್ ಸಂಘಗಳೂ ನಡೆಸುವ ತೂಕ ಇಳಿಸುವ ಸ್ಪರ್ಧೆಗಳಲ್ಲಿ ಮೊದಲ ದಿನದ ತೂಕವನ್ನು ಸಾಮಾನ್ಯವಾಗಿ ಮಧ್ಯಾಹ್ನದ ಊಟದ ನಂತರ, ಎಲ್ಲರಿಗೂ ಬಿಡುವಿದೆಯೆಂಬ ಸದುದ್ದೇಶದಿಂದ ತೆಗೆದುಕೊಳ್ಳಲಾಗುತ್ತದೆ. ಅನುಭವಿ ಸ್ಪರ್ಧಿ ಅಂದು ದಪ್ಪ ಜೀನ್ಸ್ ತೊಟ್ಟು, ಜೇಬಿನಲ್ಲಿ ಫೋನು, ಬೀಗದ ಗೊಂಚಲು ಇಟ್ಟುಕೊಂಡು, ಎರಡು ಬಾಟಲಿ ನೀರು ಕುಡಿದು ಬರುತ್ತಾನೆ. ಕೊನೆಯ ಸುತ್ತಿನ ಮೂರು ದಿನ ಮೊದಲೇ ಅನ್ನ, ಉಪ್ಪು ಎರಡನ್ನೂ ಬಿಟ್ಟು, ಹಿಂದಿನ ರಾತ್ರಿಯಿಂದ ತೊಟ್ಟು ನೀರೂ ಮುಟ್ಟದೆ, ತೆಳ್ಳನೆಯ ಟ್ರ್ಯಾಕ್ ಪ್ಯಾಂಟಿನಲ್ಲಿ ಹಾಜರಾಗಿ ನಾಲ್ಕು ಕಿಲೋ ಇಳಿಸಿದ ಕೀರ್ತಿಗೆ ಪಾತ್ರನಾಗುತ್ತಾನೆ. ಆರು ವಾರ ದಿನವೂ ನಡೆದು, ಅಳತೆಯಲ್ಲಿ ಉಂಡು, ನಿಜವಾಗಿ ಎರಡು ಕಿಲೋ ಕೊಬ್ಬು ಕಳೆದ ಮಹಿಳೆಯೊಬ್ಬರು, ಸ್ಪರ್ಧೆಯ ತಾರೀಖು ಮುಟ್ಟಿನ ಹಿಂದಿನ ದಿನಗಳಲ್ಲಿ ಬಿದ್ದು ಮೈ ಒಂದು ಕಿಲೋ ನೀರು ಹಿಡಿದಿದ್ದರಿಂದ, ಪಟ್ಟಿಯ ಕೆಳಗೆಲ್ಲೋ ಉಳಿಯುತ್ತಾರೆ. ವಿಜೇತರಿಗೆ ಅಭಿನಂದನೆಯ ಇಮೇಲು ಹೋಗುತ್ತದೆ, ಬಹುಮಾನವಾಗಿ ಬಫೆ ಹೋಟೆಲೊಂದರ ಕೂಪನ್ನು ಸಿಗುತ್ತದೆ, ನೀರು ಆ ರಾತ್ರಿಯೇ ಸ್ವಸ್ಥಾನಕ್ಕೆ ಮರಳುತ್ತದೆ.

ಬೇರೆ ದಾರಿ ಇಲ್ಲವೆಂದಲ್ಲ. ಒಂದೇ ಗಟ್ಟಿ ನೆಲದ ಮೇಲೆ, ಬೆಳಿಗ್ಗೆ ಶೌಚ ಮುಗಿಸಿ, ಏನನ್ನೂ ತಿನ್ನುವ ಮೊದಲು, ಒಂದೇ ಬಗೆಯ ಬಟ್ಟೆಯಲ್ಲಿ ವಾರದ ಏಳೂ ದಿನ ತೂಗಿ, ಏಳರ ಸರಾಸರಿಯನ್ನು ಹಿಂದಿನ ವಾರಗಳ ಸರಾಸರಿಯೊಂದಿಗೆ ಹೋಲಿಸಿದರೆ ನೀರಿನ ಏರಿಳಿತ ಬಹುಪಾಲು ಕಳೆದುಹೋಗಿ ಕೊಬ್ಬಿನ ದಾರಿ ಕಾಣುತ್ತದೆ. ಸ್ಪರ್ಧೆಗಳಿಗೂ ಇದನ್ನೇ ಅನ್ವಯಿಸಬಹುದೆಂದು ಒಬ್ಬಿಬ್ಬರು ಹೇಳಿ ನೋಡಿದರೆ ಸಂಘಟಕರು ಮುಖ ಸಿಂಡರಿಸುತ್ತಾರೆ. ಸರಾಸರಿಯ ಲೆಕ್ಕದಲ್ಲಿ ಹೆಚ್ಚೆಂದರೆ ಒಂದೂವರೆ, ಎರಡು ಕಿಲೋ ಇಳಿದವರಷ್ಟೇ ಗೆಲ್ಲುತ್ತಾರೆ. ಅಂಥವರನ್ನು ವೇದಿಕೆಗೆ ಕರೆದು ಫೋಟೋ ತೆಗೆದರೆ ಮೊದಲಿಗೂ ಈಗಿಗೂ ವ್ಯತ್ಯಾಸವೇ ಕಾಣುವುದಿಲ್ಲ, ಮುಂದಿನ ವರ್ಷಕ್ಕೆ ಪ್ರಾಯೋಜಕರು ಯಾರು ಬರುತ್ತಾರೆ ಎಂಬುದು ಅವರ ಪ್ರಶ್ನೆ.