ಅಳ್ರಿ ಮೇಡಂ, ಥಂಬ್‌ನೇಲ್‌ಗೆ ಬೇಕು

ಇಬ್ಬರು ಹಾಸ್ಯನಟಿಯರನ್ನು ಕೂಡಿಸಿ ಮಾತಾಡಿಸಿದ ಆ ಪಾಡ್‌ಕಾಸ್ಟ್ ನೀವೂ ನೋಡಿರ್ತೀರಿ. ಪೂರ್ತಿ ನೋಡಿರಲಿಕ್ಕಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದ ನಿರೂಪಕ, ಒಂದು ಕೆಂಪು ಬಾಣ, ‘ಗ್ರೀನ್ ರೂಮಿನ ಆ ರಾತ್ರಿ! ಬಿಕ್ಕಿ ಬಿಕ್ಕಿ ಅತ್ತ ಹಾಸ್ಯನಟಿಯರು!’ ಅನ್ನೋ ತುಣುಕಂತೂ ನಿಮ್ಮ ಮೊಬೈಲಿಗೆ ಬಂದೇ ಬಂದಿರುತ್ತದೆ. ಎರಡು ತಾಸು ಕೂತು ನೋಡಿದವರಿಗೆ ಗೊತ್ತು, ಆ ರಾತ್ರಿ ನಡೆದದ್ದು ಇಷ್ಟೇ: ಒಬ್ಬಾಕೆಯ ಬುತ್ತಿ ರೊಟ್ಟಿಯನ್ನು ಇನ್ನೊಬ್ಬಾಕೆ ತಿಂದಿದ್ದಳು. ಕಣ್ಣೀರು ಬಂದದ್ದೂ ಖರೆ. ನಕ್ಕು ನಕ್ಕು ಬಂದದ್ದು.

ಇಬ್ಬರೂ ಕಂಪನಿ ನಾಟಕದವರು. ಬನಶಂಕರಿ ಜಾತ್ರೆಯ ತಗಡಿನ ಥೇಟರಿನಲ್ಲಿ ಒಂದೇ ಟ್ರಂಕಿನ ಮೇಲೆ ಕೂತು ಬಣ್ಣ ಹಚ್ಚಿಕೊಂಡ ಗೆಳತಿಯರು. ಇಂಥವರನ್ನು ಎದುರುಬದುರು ಕೂಡಿಸಿ ಸುಮ್ಮನಿದ್ದರೆ ಸಾಕಿತ್ತು. ಆದರೆ ಸುಮ್ಮನಿರುವುದಕ್ಕೆ ಯಾರೂ ಬಾಗಲಕೋಟೆಯ ನವನಗರದಲ್ಲಿ ಮಾಳಿಗೆ ಬಾಡಿಗೆ ಹಿಡಿದು ಸ್ಟುಡಿಯೋ ಹಾಕುವುದಿಲ್ಲವಲ್ಲ.

ಆ ಸ್ಟುಡಿಯೋದ ಸೊಬಗನ್ನಾದರೂ ಹೊಗಳಲೇಬೇಕು. ‘ಸೊಗಡು ಬೇಕು’ ಅಂತ ಹಿಂದಿನ ಗೋಡೆಗೆ ಚಕ್ಕಡಿ ಗಾಲಿ, ಮಗ್ಗುಲಿಗೆ ಕಂದೀಲು, ಅದರೊಳಗೆ ಎಲ್‌ಇಡಿ ಬಲ್ಬು. ಉಳಿದ ಗೋಡೆಗೆಲ್ಲ ಎರಡಿಂಚಿನ ಕರಿ ಫೋಮು. ಫೋಮು ಕೋಣೆಯೊಳಗಿನ ಮಾರ್ದನಿ ತಗ್ಗಿಸುತ್ತದೆಯೇ ಹೊರತು ಹೊರಗಿನ ಸದ್ದು ತಡೆಯುವುದಿಲ್ಲ. ಕಬ್ಬಿನ ಹಂಗಾಮಿನಲ್ಲಿ ನಾಲ್ಕು ಸ್ಪೀಕರ್ ಕಟ್ಟಿಕೊಂಡು ಹೋಗುವ ಟ್ರ್ಯಾಕ್ಟರಿನ ‘ಧಬ್ ಧಬ್’ ಅದಕ್ಕೆ ಬಗ್ಗೀತೇ? ಇಪ್ಪತ್ತನೇ ನಿಮಿಷಕ್ಕೆ ಗಮನಿಸಿ, ಟ್ರ್ಯಾಕ್ಟರ್ ಮೂರನೇ ಅತಿಥಿಯಾಗಿ ಬಂದು ಹೋಗುತ್ತದೆ. ಮಾರ್ದನಿಗಷ್ಟೇ ಆದರೆ ಮನೆಯಲ್ಲಿದ್ದ ನಾಲ್ಕು ದಪ್ಪ ಕೌದಿ ತಂದು, ಗೋಡೆಯಿಂದ ಒಂದು ಗೇಣು ಮುಂದೆ ತೂಗಬಿಟ್ಟಿದ್ದರೆ ಫೋಮಿಗಿಂತ ಚಲೋ ಕೆಲಸ ಕೊಡುತ್ತಿತ್ತು, ಸೊಗಡೂ ಪುಕ್ಕಟೆ ಸಿಗುತ್ತಿತ್ತು.

ಇನ್ನು ಮೇಜಿನ ಮೇಲೆ ಅತಿಥಿ ಸತ್ಕಾರಕ್ಕೆ ಅಮೀನಗಡದ ಕರದಂಟು. ಹೆಸರಲ್ಲೇ ಅಂಟಿದೆ ಮಹರಾಯರೇ! ಅದನ್ನು ತಿಂದ ಬಾಯಿ ಐದು ನಿಮಿಷ ಮೈಕಿನ ಮುಂದೆ ‘ಚಪ್ ಚಪ್’ ಅನ್ನದೆ ಬಿಡುವುದಿಲ್ಲ. ಮಾತು ಮುಗಿದ ಮೇಲೆ ಪೊಟ್ಟಣ ಕಟ್ಟಿ ಕೊಡುವ ತಿನಿಸು ಅದು. ಸಾಲದ್ದಕ್ಕೆ ಕಾಲರ್ ಮೈಕನ್ನು ಇಳಕಲ್ ಸೀರೆಯ ಸೆರಗಿಗೇ ಚುಚ್ಚಿದ್ದಾರೆ. ರೇಷ್ಮೆ ಸೆರಗು ಸರಿದಾಗೆಲ್ಲ ಸರಬರ. ಕಾಲರ್ ಇಲ್ಲದವರಿಗೆ ಕಾಲರ್ ಮೈಕ್ ಯಾಕೆ? ಬಾಯಿಂದ ಒಂದು ಗೇಣು ದೂರಕ್ಕೆ, ತುಸು ಓರೆಯಾಗಿ ಸ್ಟ್ಯಾಂಡ್ ಮೈಕ್ ಇಟ್ಟಿದ್ದರೆ ಮುಗಿದುಹೋಗುತ್ತಿತ್ತು.

ನಗುವಿನ ಗತಿ ಕೇಳಬೇಡಿ. ‘ಹಲೋ ಚೆಕ್, ಒನ್ ಟೂ’ ಅನ್ನಿಸಿ ಮಟ್ಟ ಕಟ್ಟಿದ್ದಾರೆ. ಹಾಸ್ಯನಟಿಯ ಮೈಕಿನ ಮಟ್ಟವನ್ನು ಆಕೆಯನ್ನು ನಗಿಸಿ ನೋಡಬೇಕು. ಕಡೇ ಸಾಲಿನ ಚಾಪೆಗೂ ಕೇಳುವ ಹಾಗೆ ದನಿ ಬೆಳೆಸಿಕೊಂಡವರು ಇವರು. ರೆಕಾರ್ಡಿಂಗಿನ ಅಳತೆಯಲ್ಲಿ ಸೊನ್ನೆಯೇ ಸೂರು, ದನಿ ಅದರ ಮೇಲೆ ಹೋಗುವುದಿಲ್ಲ. ಮಾತಿನ ಶಿಖರ ಮೈನಸ್ 18 ಡೆಸಿಬಲ್ ಹತ್ತಿರ ಇಟ್ಟರೆ ನಗುವಿಗೆ ಮೇಲೆ ಜಾಗ ಉಳಿಯುತ್ತದೆ. ಇಲ್ಲಿ ಮಾತೇ ಮೈನಸ್ 6ಕ್ಕೆ ಮುಟ್ಟಿದೆ, ನಗು ಸೊನ್ನೆಗೆ ತಲೆ ಬಡಿದುಕೊಂಡು ಹರಿದ ತಗಡಿನ ಹಾಗೆ ಕೇಳುತ್ತದೆ. ಹಾಗೆ ತಲೆ ಕೊಯ್ಸಿಕೊಂಡ ಅಲೆಗೆ ಆಮೇಲೆ ಯಾವ ಸಾಫ್ಟ್‌ವೇರೂ ಪೂರ್ತಿ ಜೀವ ತುಂಬುವುದಿಲ್ಲ.

ಇಷ್ಟನ್ನೂ ಕ್ಷಮಿಸಬಹುದು. ಎಡಿಟಿಂಗ್ ಅಂತ ಒಂದು ಮಾಡಿದ್ದಾರಲ್ಲ, ಅದನ್ನಲ್ಲ.

ಹಳೇ ಗೆಳತಿಯರ ಮಾತಿನಲ್ಲಿ ಒಬ್ಬಾಕೆ ಹೇಳ್ತಾಳೆ, ಇನ್ನೊಬ್ಬಾಕೆ ಹೂಂಗುಡುತ್ತಾಳೆ. ‘ಹೂಂ’, ‘ಹೌದಬೇ’, ‘ಅಯ್ಯ ನಮ್ಮವ್ವ’. ಇವರು ಹಚ್ಚಿದ ನಾಯ್ಸ್ ಗೇಟ್ ಅನ್ನೋ ಬಾಗಿಲು, ಇಂತಿಷ್ಟಕ್ಕಿಂತ ಸಣ್ಣ ದನಿ ಬಂದರೆ ಮುಚ್ಚಿಕೊಳ್ಳುತ್ತದೆ. ಹೂಂಗುಡುವುದು ಸಣ್ಣ ದನಿಯಲ್ಲೇ. ಹಂಗಾಗಿ ಹೂಂಗಳೆಲ್ಲ ಹೊರಗೆ. ಗೀಗೀ ಪದದ ಹಿಮ್ಮೇಳದವರನ್ನು ಗದ್ದಲ ಮಾಡ್ತೀರಂತ ಎಬ್ಬಿಸಿ ಕಳಿಸಿದ ಹಾಗಾಯಿತು. ಇಬ್ಬರದೂ ಬೇರೆ ಬೇರೆ ಟ್ರ್ಯಾಕಿನಲ್ಲಿ ಹಿಡಿದು, ಸುಮ್ಮನಿದ್ದಾಕೆಯ ಮೈಕನ್ನು ಕೈಯಿಂದಲೇ ಆರೆಂಟು ಡೆಸಿಬಲ್ ಇಳಿಸಿದ್ದರೆ ಹೂಂ ಉಳಿಯುತ್ತಿತ್ತು. ಅದಕ್ಕೆ ಒಂದು ದಿನ ಕೂಡಬೇಕು. ಕೂಡುವವರು ಯಾರು?

ಅದರ ಮೇಲೆ ತುಣುಕುಗಳಿಗೆ, ಅರ್ಧ ಸೆಕೆಂಡಿಗಿಂತ ಉದ್ದದ ಮೌನವನ್ನು ತಾನೇ ಹುಡುಕಿ ಕತ್ತರಿಸುವ ಬಟನ್ನು. ರೊಟ್ಟಿಯ ಪ್ರಸಂಗವನ್ನೇ ಪೂರ್ತಿ ಕಂತಿನಲ್ಲಿ ನೋಡಿ. ಕಿರಿಯಾಕೆ ಹೇಳುತ್ತಾಳೆ: ‘ರಾಜಾ ಸತ್ತ ಬಿದ್ದಾನ್ರೀ, ರಾಣಿ ನಾನು, ಅಳಾಕ ಚಾಲೂ ಮಾಡೇನಿ. ಅಕ್ಕ ದಾಸಿ. ಸಮಾಧಾನ ಮಾಡಾಕ ಬಂದಾಕಿ ಕಿವ್ಯಾಗ ಏನಂದ್ಲು ಕೇಳ್ರಿ...’ ಇಲ್ಲಿ ನಾಲ್ಕು ಸೆಕೆಂಡು ಮೌನ. ಅಕ್ಕ ಕಣ್ಣು ಕೆಳಗೆ ಹಾಕಿ ಬಳೆ ತಿರುವುತ್ತಾ ಕೂತಿದ್ದಾಳೆ. ಆಮೇಲೆ ಮೆಲ್ಲಕೆ, ತಾನೇ: ‘ನಿನ್ನ ಬುತ್ತಿ ರೊಟ್ಟಿ ನಾನ ತಿಂದೇನಬೇ.’

ಆ ನಾಲ್ಕು ಸೆಕೆಂಡೇ ಹಾಸ್ಯ. ಜನರ ನಗು ಪೂರ್ತಿ ಇಳಿಯುವ ತನಕ ಕಾದರೆ ಥೇಟರು ತಣ್ಣಗಾಗುತ್ತದೆ, ಏರುವಾಗಲೇ ಮುಂದಿನ ಮಾತು ಬಿಟ್ಟರೆ ಮುಳುಗುತ್ತದೆ. ಅರ್ಧಕ್ಕೆ ಇಳಿದಾಗ ಬಿಡಬೇಕು ಅನ್ನೋದನ್ನು ಕಲಿಯಲು ಇವರಿಗೆ ಎಷ್ಟು ಜಾತ್ರೆ ಬೇಕಾದವೋ. ತುಣುಕಿನಲ್ಲಿ ‘ಕೇಳ್ರಿ’ಗೆ ‘ನಿನ್ನ ಬುತ್ತಿ’ ಅಂಟಿಕೊಂಡಿದೆ, ಥೇಟ್ ಕರದಂಟು. ಕೆಳಗೆ ಯಂತ್ರ ಬರೆದ ಅಕ್ಷರ: ‘ನಿನ್ನ ಬುದ್ಧಿ ರೊಟ್ಟಿ ನಾನು ತಿಂದೆ ಬೇಬಿ.’ ಎರಡು ತಾಸಿನಲ್ಲಿ ನಮ್ಮ ಕಡೆಯ ‘ಬೇ’ ಎಲ್ಲಾ ‘ಬೇಬಿ’ ಆಗಿವೆ. ಅರವತ್ತು ದಾಟಿದ ಇಬ್ಬರು ಪರಸ್ಪರ ಬೇಬಿ ಬೇಬಿ ಅಂದುಕೊಂಡು ಕೂತಿದ್ದಾರೆ.

ನಿರೂಪಕನಿಗೆ ಮಾತ್ರ ಒಂದೇ ಚಿಂತೆ. ‘ಮೇಡಂ, ಕಷ್ಟದ ದಿನಗಳ ಬಗ್ಗೆ ಹೇಳಿ.’ ಅವರು ನಗಿಸುತ್ತಾರೆ. ‘ಅಲ್ಲ ಮೇಡಂ, ನೋವು?’ ಮತ್ತೆ ನಗಿಸುತ್ತಾರೆ. ಗೋಕಾಕ ಸೀಮೆಯ ಕೌಜಲಗಿ ನಿಂಗಮ್ಮ ಶ್ರೀಕೃಷ್ಣ ಪಾರಿಜಾತದ ಆಟ ಆಡಿ ಹೆಸರಾದ ನಾಡು ಇದು. 2013ರಲ್ಲಿ ಉಮಾಶ್ರೀಯವರನ್ನು ತೇರದಾಳದಿಂದ ವಿಧಾನಸಭೆಗೆ ಕಳಿಸಿದ್ದು ಇದೇ ಜಿಲ್ಲೆ. ಅಂಥ ಕಡೆ ಕೂತು, ನಗಿಸುವ ಹೆಂಗಸು ಅತ್ತರೇ ಖರೆ ಅಂತ ಹಟ ಹಿಡಿಯುವುದು ಎಂಥ ದರಿದ್ರ ಬುದ್ಧಿ. ಬಣ್ಣ ಹಚ್ಚಿದ್ದಕ್ಕೆ ಊರವರಿಂದ ಏನೇನು ಅನ್ನಿಸಿಕೊಂಡಿದ್ದಾರೆ ಅನ್ನೋದು ಎಲ್ಲರಿಗೂ ಗೊತ್ತು. ಅದನ್ನು ನುಂಗಿ ನಗಲು ಬಂದವರಿಗೆ, ಮತ್ತೆ ಕಕ್ಕು ಅಂತೀರಲ್ಲ, ನಾಚಿಕೆ ಆಗುವುದಿಲ್ಲವೇ?

ತುಣುಕಿನ ನಡುವೆ ಜಾಹೀರಾತು ಬರುತ್ತದೆ, ದುಡ್ಡೂ ಬರುತ್ತದೆ. ನಟಿಯರಿಗೆ ಬಂದದ್ದು ತಲಾ ಒಂದು ಶಾಲು, ಹಾರ, ಫಲಕ. ಬಸ್ ಚಾರ್ಜಿನ ಗೊಡವೆಯೂ ಇಲ್ಲ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ 2023ರ ಜೂನಿನಿಂದ ಟಿಕೆಟ್ ಪುಕ್ಕಟೆ. ಎಷ್ಟು ಮುಂದಾಲೋಚನೆ ನೋಡಿ, ಪಾಡ್‌ಕಾಸ್ಟಿನವರ ಖರ್ಚು ಸರ್ಕಾರವೇ ಉಳಿಸಿಕೊಟ್ಟಿದೆ.

ಕಡೇ ಒಂದು ನಿಮಿಷ ಬಿಡಬೇಡಿ. ನಿರೂಪಕ ಕೈಮುಗಿದು ಎದ್ದಾಗಿದೆ, ಸಂಗೀತ ಬರುತ್ತಿದೆ, ಮೈಕ್ ಆರಿಸುವುದನ್ನು ಮರೆತಿದ್ದಾರೆ. ಕಿವಿ ಹತ್ತಿರ ಹಿಡಿದರೆ ಕೇಳುತ್ತದೆ.

‘ಇಂಥಾ ಶಾಲು ಮನ್ಯಾಗ ಟ್ರಂಕ್ ತುಂಬ ಅದಾವಬೇ. ಎಲ್ಲಾ ಕೂಡಿಸಿ ಹೊಲದ್ರ ಒಂದ ಕೌದಿ ಆಕ್ಕೈತಿ.’

‘ಎಲ್ಲೀದಕ್ಕಾ, ಇದರಾಗ ನೂಲ ಎಲ್ಲೈತಿ? ಸೂಜಿನ ನಿಲ್ಲಂಗಿಲ್ಲ.’