ನೇರ ಕೂರುತ್ತೆ ಭಾವ!

ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರಿಗೆ ಒಂದು ಕಾಯಿಲೆ ಇದೆ. ತಮ್ಮ ಕಾರಿಗಿಂತ ಒಂದು ಮೆಟ್ಟಿಲು ಮೇಲಿನ ಮಾಡೆಲ್‌ನಲ್ಲಿ ಏನೇನಿದೆ ಅನ್ನೋದು ಅವರಿಗೆ ಬಾಯಿಪಾಠ. ತಮ್ಮದರಲ್ಲಿ ಏನಿದೆ ಅಂತ ಕೇಳಿ ನೋಡಿ, ತಡವರಿಸುತ್ತಾರೆ. ಬಾಗಿಲು ಅದೇ, ಸೀಟು ಅದೇ, ಎಂಜಿನ್ನೂ ಹೆಚ್ಚುಕಡಿಮೆ ಅದೇ. ಆದರೆ ಆ ಮಾಡೆಲ್‌ನ ಶಾಕ್ ಅಬ್ಸಾರ್ಬರ್ ಮೇಲೆ ಬಿಲ್‌ಸ್ಟೈನ್ ಅಂತ ಹೆಸರುವಾಸಿ ಶಾಕ್ ಕಂಪನಿಯ ಹೆಸರು ಬರೆದಿದೆ, ನಮ್ಮದರ ಮೇಲೆ ಬರೀ ಮಣ್ಣಿದೆ. ಅಷ್ಟಕ್ಕೇ ನಿದ್ದೆ ಹಾಳು.

ನನ್ನದು ಸ್ವಂತದ ಕಾಯಿಲೆಯಲ್ಲ. ಹೆಂಡತಿ ಮನೆ ಕಡೆಯಿಂದ ಬಂದದ್ದು. ಭಾಮೈದ ತಂದು ಅಂಟಿಸಿದ್ದು.

ಕಾರು ಮಾತ್ರ ನನ್ನದೇ. ಮಾಜ್ದಾ ಎಂಎಕ್ಸ್-5, ಹಲವರ ಬಾಯಲ್ಲಿ ಮಿಯಾಟಾ. 1989ರಲ್ಲಿ ಬಂದ ಮೊದಲ ತಲೆಮಾರಿನದು. ಇದನ್ನು ಎನ್‌ಎ ಅನ್ನುತ್ತಾರೆ. ಎರಡೇ ಸೀಟು, ಎದ್ದು ಕಣ್ಣು ಬಿಡುವ ಹೆಡ್‌ಲೈಟು, 1.6 ಲೀಟರ್ ಎಂಜಿನ್, ತೂಕ 1000 ಕೆ.ಜಿ.ಗೂ ಕಡಿಮೆ. 1998ರಲ್ಲಿ ಇದರ ತಂಗಿ ಬಂದಳು, ಹೆಸರು ಎನ್‌ಬಿ. ಹೆಡ್‌ಲೈಟು ಏಳುವುದನ್ನು ಬಿಟ್ಟಿತು, ಮೈ ತುಸು ತುಂಬಿಕೊಂಡಿತು. ಕೆಳಗಿನ ಮೂಳೆ ಮಾತ್ರ ಬಹುಪಾಲು ಅಕ್ಕನದೇ. ನಾಲ್ಕೂ ಚಕ್ರಕ್ಕೆ ಡಬಲ್ ವಿಷ್‌ಬೋನ್: ಮೇಲೊಂದು ಆರ್ಮ್, ಕೆಳಗೊಂದು ಆರ್ಮ್, ನಡುವೆ ಶಾಕು, ಶಾಕಿನ ಸುತ್ತ ಸ್ಪ್ರಿಂಗು. 2016ರ ಹೊತ್ತಿಗೆ ಎಲ್ಲಾ ತಲೆಮಾರು ಸೇರಿ ಹತ್ತು ಲಕ್ಷ ಎಂಎಕ್ಸ್-5 ತಯಾರಾಗಿದ್ದವು. ಅಷ್ಟು ಕಾರು ಇದ್ದ ಮೇಲೆ ಬಿಚ್ಚಿ ಮಾರುವವರಿಗೇನು ಬರ?

"ಎನ್‌ಬಿದು ನಾಲ್ಕು ಬಿಲ್‌ಸ್ಟೈನ್ ಸಿಕ್ಕಿದೆ ಭಾವ, ಸ್ಪ್ರಿಂಗ್ ಸಮೇತ. ನೇರ ಕೂರುತ್ತೆ."

ಇದು ಸುಳ್ಳಾಗಿದ್ದರೆ ಬೈದು ಕಳಿಸಬಹುದಿತ್ತು. ನಿಜವಾಗಿಯೂ ನೇರ ಕೂರುತ್ತೆ, ಕಷ್ಟ ಇರೋದೇ ಅಲ್ಲಿ. ಬೋಲ್ಟಿನ ತೂತು ಅದೇ ಜಾಗದಲ್ಲಿದೆ, ಉದ್ದ ಹೊಂದುತ್ತೆ. ಆದರೆ ಒಂದು ಕಾರಿನ ಸಸ್ಪೆನ್ಷನ್ ಅಂದರೆ ಒಟ್ಟಾಗಿ ಲೆಕ್ಕ ಹಾಕಿ ಕೂಡಿಸಿದ ಸಂಸಾರ. ಸ್ಪ್ರಿಂಗ್ ಇಷ್ಟು ಗಟ್ಟಿ ಇದ್ದರೆ ಶಾಕು ಇಷ್ಟು ಬಿಗಿ, ಶಾಕು ತೀರಾ ಕುಸಿದಾಗ ತಡೆಯಲು ಅದಕ್ಕೆ ತಕ್ಕ ಬಂಪ್ ಸ್ಟಾಪು, ತಿರುವಿನಲ್ಲಿ ಕಾರು ವಾಲದಂತೆ ಹಿಡಿಯಲು ಅದಕ್ಕೆ ತಕ್ಕ ಆಂಟಿ-ರೋಲ್ ಬಾರು. ಹಳೆಯ, ಸುಸ್ತಾದ ಶಾಕಿಗೆ ಗಟ್ಟಿ ಸ್ಪ್ರಿಂಗ್ ಒಂದನ್ನೇ ಹಾಕಿ ನೋಡಿ. ಕಾರು ಒಂದು ಉಬ್ಬು ಹಾರಿದ್ದಕ್ಕೆ ಮುಂದಿನ ತಿರುವಿನವರೆಗೂ ತಲೆದೂಗುತ್ತಾ ಹೋಗುತ್ತದೆ. ಸ್ಪ್ರಿಂಗ್ ಹಿಡಿದಿಟ್ಟ ಶಕ್ತಿಯನ್ನು ಬಿಸಿ ಮಾಡಿ ಕಳೆಯಬೇಕಾದವನು ಶಾಕು. ಅವನೇ ಕೈಚೆಲ್ಲಿದರೆ ಸ್ಪ್ರಿಂಗ್ ಕುಣಿಯದೆ ಇನ್ನೇನು ಮಾಡೀತು?

ಇದನ್ನೆಲ್ಲ ಹೇಳಿದೆ. "ಅದಕ್ಕೇ ಭಾವ, ಎರಡನ್ನೂ ಜೊತೆಗೇ ತಂದಿರೋದು" ಅಂದ. ಬಾಯಿ ಮುಚ್ಚಿಸುವುದರಲ್ಲಿ ಅವನು ಅವರಕ್ಕನಿಗಿಂತ ಏನೂ ಕಡಿಮೆಯಿಲ್ಲ.

ಆ ಪೆಟ್ಟಿಗೆ ಬಿಚ್ಚಿದರೆ ಶಾಕಿದೆ, ಸ್ಪ್ರಿಂಗಿದೆ, ಟಾಪ್ ಮೌಂಟ್ ಇಲ್ಲ. ಶಾಕಿನ ತಲೆ ಮೇಲೆ ಕೂತು ಅದನ್ನು ಕಾರಿನ ಮೈಗೆ ಹಿಡಿಯುವ ಟೋಪಿ ಅದು. ಮಾರಿದವನು ಟೋಪಿ ಬಿಚ್ಚಿಟ್ಟುಕೊಂಡು ನಮಗೆ ಹಾಕಿದ್ದ.

"ನಿಮ್ಮ ಹಳೇದೇ ಹಾಕೋಣ ಬಿಡಿ."

ನಮ್ಮ ಹಳೇದರ ರಬ್ಬರು ಬೆರಳಲ್ಲಿ ಒತ್ತಿದರೆ ಪುಡಿ ಉದುರಿಸುತ್ತಿತ್ತು. ಮೇಲಾಗಿ ಎನ್‌ಎ ಇಟ್ಟುಕೊಂಡವರದು ಒಂದು ಹಳೇ ಗೋಳಿದೆ. ಶಾಕಿಗೆ ಕುಸಿಯಲು ಇರುವ ಜಾಗವೇ ಕಡಿಮೆ, ಕಾರನ್ನು ಸ್ವಲ್ಪ ತಗ್ಗಿಸಿದರೂ ಬೇಗ ಬಂಪ್ ಸ್ಟಾಪಿಗೆ ಬಡಿಯುತ್ತದೆ. ಎನ್‌ಬಿಯ ಮೌಂಟು, ಅದರದೇ ಬಂಪ್ ಸ್ಟಾಪು ಹಾಕಿದರೆ ಜಾಗ ಜಾಸ್ತಿ ಸಿಗುತ್ತದೆ. ನನ್ನ ಕೇಳಿದರೆ ಈ ಇಡೀ ಬದಲಾವಣೆಯಲ್ಲಿ ತಿರುಳು ಅಂತ ಇದ್ದದ್ದು ಆ ಟೋಪಿಯಲ್ಲೇ. ಬಿಲ್‌ಸ್ಟೈನ್ ಹೆಸರಿಗೆ. ಸರಿ, ಮೌಂಟ್ ಬೇರೆ ತರಿಸಿದ್ದಾಯಿತು. ಯಾರಿಂದ ಅಂತೀರಿ? ಅದೇ ಮಹಾನುಭಾವನಿಂದ. ಸಾಗಣೆ ಖರ್ಚು ಬೇರೆ.

ಇಲ್ಲೊಂದು ಮಾತು ಹೇಳಿಬಿಡಬೇಕು. ಟೊಯೋಟಾ ಜಿಆರ್86, ಸುಬಾರು ಬಿಆರ್‌ಝಡ್ ಅಂತ ಅವಳಿ ಕಾರುಗಳಿವೆ, ಎರಡೂ ಸುಬಾರುವಿನ ಕಾರ್ಖಾನೆಯಲ್ಲೇ ಹುಟ್ಟುವಂಥವು. ಅಲ್ಲೂ ಇದೇ ಕತೆ. ಮುಂದಿನ ಸ್ಪ್ರಿಂಗು ಬಿಆರ್‌ಝಡ್‌ನದು ಗಟ್ಟಿ, ಹಿಂದಿನದು ಜಿಆರ್86ನದು ಗಟ್ಟಿ. ಇಂಥ ಸಣ್ಣ ವ್ಯತ್ಯಾಸಗಳಿಂದಲೇ ಒಂದು ಕಾರು ಗಂಭೀರ, ಇನ್ನೊಂದು ಬಾಲ ಅಲ್ಲಾಡಿಸುವ ತುಂಟ. ತುಂಟ ಇರುವವನಿಗೆ ಗಂಭೀರದ ಸ್ಪ್ರಿಂಗ್ ಬೇಕು, ಗಂಭೀರ ಇರುವವನಿಗೆ ತುಂಟನದು. ಇಬ್ಬರೂ ಕಾರನ್ನೇ ಅದಲುಬದಲು ಮಾಡಿಕೊಳ್ಳಬಾರದೇ? ಊಹೂಂ. ಹಾಗೆ ಮಾಡಿದರೆ ಭಾನುವಾರ ಕಳೆಯುವುದು ಹೇಗೆ?

ನಮ್ಮ ಭಾನುವಾರಗಳಂತೂ ಚೆನ್ನಾಗಿಯೇ ಕಳೆದವು. ಮೊದಲು ಮುಂದಿನ ಒಂದು ಚಕ್ರವನ್ನಷ್ಟೇ ಜಾಕ್ ಹಾಕಿ ಎತ್ತಿದ. ಆರ್ಮನ್ನು ಕೆಳಗೆ ಒತ್ತಿದರೆ ಅದು ಮೇಲಕ್ಕೆ ಒತ್ತುತ್ತದೆ. ಇನ್ನಷ್ಟು ಬಲ ಹಾಕಿದ, ಅದೂ ಇನ್ನಷ್ಟು ಬಲ ಹಾಕಿತು. ಆಂಟಿ-ರೋಲ್ ಬಾರಿನ ಕೆಲಸವೇ ಅದು. ಎಡ ಚಕ್ರ ಬಲ ಚಕ್ರ ಎರಡನ್ನೂ ಕಟ್ಟಿ ಹಿಡಿದ ಸರಳು. ಒಂದು ನೇತಾಡಿ ಇನ್ನೊಂದು ನೆಲದ ಮೇಲಿದ್ದರೆ ಅದು ತಿರುಚಿಕೊಂಡು ಜಗಳಕ್ಕೆ ನಿಲ್ಲುತ್ತದೆ. ಎರಡೂ ಕಡೆ ಎತ್ತಿ, ಬಾರನ್ನು ಆರ್ಮಿಗೆ ಜೋಡಿಸುವ ಲಿಂಕ್ ಬಿಚ್ಚಿದರೆ ಮೆತ್ತಗಾಗುತ್ತದೆ. ಹಾಗೇ ಮಾಡಿದೆವು. ಮುಂದಿನದು ಆ ಮೇಲೆ ಸಲೀಸಾಗಿ ಬಂತು, ಅದರ ಬಗ್ಗೆ ಹೇಳುವಂಥದ್ದೇನಿಲ್ಲ.

ಹಿಂದಿನದು ಬೇರೆಯೇ ಪುರಾಣ. ಅಲ್ಲಿ ಕೆಳಗಿನ ಆರ್ಮಿನ ಹೊರತುದಿಯಲ್ಲಿ ಉದ್ದನೆಯ ಬೋಲ್ಟ್ ಒಂದಿದೆ. ಹಳೇ ಎಂಎಕ್ಸ್-5 ಇರುವವರ ಮುಂದೆ ಅದರ ಹೆಸರೆತ್ತಬಾರದು, ಮುಖ ಸಣ್ಣದಾಗುತ್ತದೆ. ತಯಾರಿಸಿದವರದೇನೂ ತಪ್ಪಿಲ್ಲ. ಮೂವತ್ತು ವರ್ಷ ಮಳೆನೀರು ಕುಡಿದ ಉಕ್ಕು ಇನ್ನು ಹೇಗಿರಬೇಕು?

ಭಾಮೈದ ನಟ್ ತೆಗೆದ. ಸುಲಭವಾಗಿ ಬಂತು. ನನ್ನ ಕಡೆ ನೋಡಿ ನಕ್ಕ. ಆಮೇಲೆ ಬೋಲ್ಟಿನ ತಲೆಗೆ ಸ್ಪ್ಯಾನರ್ ಹಾಕಿ ತಿರುಗಿಸಿದ. ತಿರುಗಿತು! "ಬಂತು ಭಾವ!" ಅಂತ ಸ್ಪ್ಯಾನರ್ ಮೇಲಿನ ಹಿಡಿತ ಸಡಿಲಿಸಿದ. ಬೋಲ್ಟ್ ಮೆಲ್ಲಗೆ, ಬಹಳ ಮರ್ಯಾದೆಯಿಂದ, ಹಿಂದಕ್ಕೆ ತಿರುಗಿ ಮೊದಲಿದ್ದಲ್ಲೇ ನಿಂತಿತು. ಮತ್ತೆ ತಿರುಗಿಸಿದ. ಮತ್ತೆ ವಾಪಸ್ಸು. ಆಗಿದ್ದೇನು ಅಂದರೆ, ಬೋಲ್ಟು ಹಾದುಹೋಗುವ ಬುಷ್ ಅಂದರೆ ಹೊರಗೊಂದು ಕೊಳವೆ, ಒಳಗೊಂದು ಕೊಳವೆ, ನಡುವೆ ಎರಡಕ್ಕೂ ಅಂಟಿದ ರಬ್ಬರು. ಬೋಲ್ಟು ಒಳಗಿನ ಕೊಳವೆಗೆ ತುಕ್ಕು ಹಿಡಿದು ಒಂದಾಗಿಬಿಟ್ಟಿದೆ. ನಾವು ತಿರುಗಿಸುತ್ತಿರುವುದು ಬೋಲ್ಟನ್ನಲ್ಲ, ರಬ್ಬರನ್ನು. ರಬ್ಬರಿಗೆ ಇದೊಂದು ಒಳ್ಳೇ ವ್ಯಾಯಾಮ.

ತುಕ್ಕು ಬಿಡಿಸುವ ಎಣ್ಣೆ ಹೊಡೆದ. ರಾತ್ರಿಯೆಲ್ಲ ನೆನೆಯಲಿ ಅಂತ ಬಿಟ್ಟ. ಬೆಳಗ್ಗೆ ನೋಡಿದರೆ ಬೋಲ್ಟ್ ಬಿಟ್ಟು ಉಳಿದಿದ್ದೆಲ್ಲ ನೆನೆದಿತ್ತು, ನನ್ನ ಚಪ್ಪಲಿ ಸೇರಿ. ಸುತ್ತಿಗೆಯಲ್ಲಿ ಬಡಿದ. ಅದರ ತುದಿ ಅಣಬೆಯ ಹಾಗೆ ಅರಳಿಕೊಂಡು, ಇನ್ನು ಆ ಕಡೆಯಿಂದ ಹೊರಬರುವ ಪ್ರಶ್ನೆಯೇ ಇಲ್ಲ ಅಂತ ಬೋಲ್ಟು ಖಡಾಖಂಡಿತವಾಗಿ ಹೇಳಿತು. ಕೊನೆಗೆ ಆರ್ಮಿಗೂ ಬುಷ್ಷಿಗೂ ನಡುವಿನ ಸಂದಿಯಲ್ಲಿ ಗರಗಸದ ಅಲಗು ತೂರಿಸಿ ಕೊಯ್ದಿದ್ದೇ ಗತಿ. ಕೊಯ್ದ ಮೇಲೆ ಬುಷ್ಷೂ ಹೊಸದು ಬೇಕು, ಬೋಲ್ಟೂ ಹೊಸದು ಬೇಕು. ಇದು ಬರೀ ಬಲಗಡೆಯ ಕತೆ. ಎಡಗಡೆಯದು ಬಲಗಡೆಯದರ ತದ್ರೂಪು, ತಿರುಗಿ ಹೇಳಿ ನಿಮ್ಮ ತಲೆ ತಿನ್ನುವುದಿಲ್ಲ.

ಸ್ಪ್ರಿಂಗ್ ಒತ್ತುವ ದಿನ ಮಾತ್ರ ನನಗೆ ಜೀವ ಕೈಯಲ್ಲಿತ್ತು. ಮೌಂಟ್ ಕೂರಿಸಬೇಕಾದರೆ ಸ್ಪ್ರಿಂಗನ್ನು ಕೊಕ್ಕೆಗಳ ನಡುವೆ ಹಿಡಿದು, ಸ್ಕ್ರೂ ತಿರುಗಿಸಿ ಗಿಡ್ಡ ಮಾಡಬೇಕು. ಸುಮ್ನೆ ಒಂದು ಲೆಕ್ಕ ಹಾಕಿ. ಒಂದು ಮಿ.ಮೀ. ಒತ್ತಲು 30 ನ್ಯೂಟನ್ ಬೇಡುವ ಸ್ಪ್ರಿಂಗನ್ನು 100 ಮಿ.ಮೀ. ಒತ್ತಿದರೆ 3000 ನ್ಯೂಟನ್. ಅಂದರೆ ಸುಮಾರು 300 ಕೆ.ಜಿ. ಭಾರ ಹೊತ್ತಷ್ಟು ಸಿಟ್ಟು ಆ ಸುರುಳಿಯೊಳಗೆ ಕಾದು ಕೂತಿರುತ್ತದೆ. ಕೊಕ್ಕೆ ಜಾರಿದರೆ ಅದು ಯಾರ ಮುಖಮೂತಿಯನ್ನೂ ನೋಡುವುದಿಲ್ಲ. ನಾನು ಲೆಕ್ಕ ಹೇಳುತ್ತಾ ಹೇಳುತ್ತಾ ಕಂಬದ ಹಿಂದೆ ಸರಿದೆ.

ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು. "ಅದು ಹಾರಿದ್ರೆ?"

"ಗೋಡೆ ಕಡೆ ತಿರುಗಿಸಿದ್ದೀನಕ್ಕ, ಯಾರಿಗೂ ಏನೂ ಆಗಲ್ಲ."

"ನಿಮ್ಮ ಭಾವ ಕಂಬದ ಹಿಂದೆ ಯಾಕೆ ನಿಂತಿದ್ದಾರೆ ಹಾಗಾದ್ರೆ?"

"ಬೆಳಕು ಹಿಡಿದಿದ್ದಾರೆ."

"ಬ್ಯಾಟರಿ ನನ್ನ ಕೈಲಿದೆಯಲ್ಲೋ!"

ಸ್ಪ್ರಿಂಗ್ ಹಾರಲಿಲ್ಲ. ನಾಲ್ಕೂ ಕೂತವು. ಒಂದು ವಾಷರ್ ಉಳಿಯಿತು. ಅದನ್ನು ಭಾಮೈದ ಯಾರಿಗೂ ಕಾಣದ ಹಾಗೆ ಜೇಬಿಗೆ ಹಾಕಿಕೊಂಡ, ನಾನು ಯಾರಿಗೂ ಗೊತ್ತಾಗದ ಹಾಗೆ ನೋಡಿದೆ.

ಕಾರನ್ನು ಜಾಕಿನಿಂದ ಇಳಿಸಿದೆವು. ಇಳಿಯಿತು, ಆದರೆ ಪೂರ್ತಿ ಇಳಿಯಲಿಲ್ಲ. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಕೈ ಮುಷ್ಟಿ ಮಾಡಿ ತೂರಿಸುವಷ್ಟು ಸಂದಿ. ಸ್ಪೋರ್ಟ್ಸ್ ಕಾರು ಹೋಗಿ ಹೊಲ ಸುತ್ತುವ ಜೀಪಿನ ಹತ್ತಿರದ ಸಂಬಂಧಿಯಾಗಿತ್ತು. "ಓಡಿಸಿದರೆ ಸರಿಹೋಗುತ್ತೆ" ಅಂದ. ಓಡಿಸಿದ ಮೇಲೂ ಹಾಗೇ. ಅವನು ಚಕ್ರ ನೇತಾಡುತ್ತಿರುವಾಗಲೇ ಎಲ್ಲಾ ಬುಷ್ ಬೋಲ್ಟುಗಳನ್ನೂ ತೋಳೇರಿಸಿ ಬಿಗಿ ಮಾಡಿದ್ದ. ರಬ್ಬರ್ ಬುಷ್ಷಿಗೆ ಬಿಗಿ ಮಾಡಿದಾಗ ಇದ್ದ ಸ್ಥಿತಿಯೇ ವಿಶ್ರಾಂತಿ. ಕಾರಿನ ಭಾರ ಬಿದ್ದು ಆರ್ಮ್ ಮೇಲೆ ಬಂದರೆ ಅದು ತಿರುಚಿಕೊಂಡು, ಕಾರನ್ನೇ ಮೇಲಕ್ಕೆ ಎತ್ತಿ ಹಿಡಿಯುತ್ತದೆ. ಹಾಗೇ ಬಿಟ್ಟರೆ ಬೇಗ ಹರಿದೂ ಹೋಗುತ್ತದೆ. ಚಕ್ರದ ಮೇಲೆ ಭಾರ ಇರುವಾಗಲೇ ಸಡಿಲಿಸಿ ಮತ್ತೆ ಬಿಗಿ ಮಾಡಬೇಕು. ಕಾರು ನೆಲದ ಮೇಲಿರಬೇಕು, ಮನುಷ್ಯ ಅದರ ಕೆಳಗಿರಬೇಕು. ಈ ಕಾರಿನ ಕೆಳಗೆ ಕೈ ಹೋದರೆ ಮೊಣಕೈ ಹೋಗುವುದಿಲ್ಲ. ನಾಲ್ಕೂ ಚಕ್ರದ ಕೆಳಗೆ ದಪ್ಪ ಹಲಗೆ ಪೇರಿಸಿ ಕಾರನ್ನು ಹತ್ತಿಸಿ, ಭಾಮೈದನನ್ನು ಒಳಗೆ ಕಳಿಸಿದೆ. ಒಳಗಿಂದ ಬಂದ ಮಾತುಗಳನ್ನು ಅಕ್ಕನಿಗೆ ಕೇಳಿಸಲಿಲ್ಲ.

ಇಷ್ಟೆಲ್ಲ ಆದ ಮೇಲೂ ಅವನ ಕಣ್ಣು ಎನ್‌ಬಿಯ ಆಂಟಿ-ರೋಲ್ ಬಾರಿನ ಮೇಲೆ. "ಬರೀ ಎರಡು ಮಿ.ಮೀ. ದಪ್ಪ ಇರೋದು ಹಾಕಿದ್ರೆ ಏನಾಗುತ್ತೆ ಭಾವ?" ಸರಳಿನ ಬಿಗಿ ಅದರ ವ್ಯಾಸದ ನಾಲ್ಕನೇ ಘಾತಕ್ಕೆ ಏರುತ್ತದೆ. 20 ಮಿ.ಮೀ. ಘನ ಸರಳಿನ ಬದಲು 22ರದ್ದು ಹಾಕಿದರೆ ಬಿಗಿ ಸುಮಾರು 46% ಜಾಸ್ತಿ. ಅದನ್ನು ಹಿಂದೆ ಮಾತ್ರ ಹಾಕಿದರೆ ಒದ್ದೆ ರಸ್ತೆಯ ತಿರುವಿನಲ್ಲಿ ಬಾಲವೇ ಮುಂದೆ ಬಂದು ನಮಸ್ಕಾರ ಹೇಳುತ್ತದೆ. ಮುಂದೆ ಮಾತ್ರ ಹಾಕಿದರೆ ಸ್ಟೀರಿಂಗ್ ತಿರುಗಿಸಿದರೂ ಮೂಗು ನೆಟ್ಟಗೆ ಹೋಗಲು ಹಟ ಹಿಡಿಯುತ್ತದೆ. ಸಾದಾ ಮಾಡೆಲ್‌ನ ಸಣ್ಣ ಬಾರು, ಮೆತ್ತನೆ ಸ್ಪ್ರಿಂಗು ಕಂಪನಿಯವರು ಜಿಪುಣತನಕ್ಕೆ ಹಾಕಿದ್ದಲ್ಲ. ಗುಂಡಿ ಬಿದ್ದ ರಸ್ತೆಯಲ್ಲಿ ಟೈರು ನೆಲ ಬಿಡದೆ ಹಿಡಿಯುವುದು ಎಷ್ಟೋ ಸಲ ಆ ಮೆತ್ತನೆಯದೇ. ನನ್ನ ಈ ಭಾಷಣವನ್ನು ಅವನು ಪೂರ್ತಿ ಕೇಳಿದ. "46 ಅಂದ್ರಾ?" ಅಂತ ಕಣ್ಣರಳಿಸಿದ.

ಅಲೈನ್‌ಮೆಂಟಿಗೆ ಹೋಗುವಾಗ ರಸ್ತೆ ನೆಟ್ಟಗಿತ್ತು, ಸ್ಟೀರಿಂಗ್ ಮಾತ್ರ ಹತ್ತು ಗಂಟೆ ತೋರಿಸುತ್ತಿತ್ತು. ಅಲ್ಲಿನ ಹುಡುಗ ಕಾರಿನ ಸುತ್ತ ಒಂದು ಸುತ್ತು ಹಾಕಿ, ಬಗ್ಗಿ ನೋಡಿ, "ಯಾರು ಸರ್ ಮಾಡಿದ್ದು?" ಅಂದ. ನಾನು ಭಾಮೈದನ ಕಡೆ ನೋಡಿದೆ, ಭಾಮೈದ ಆಕಾಶದ ಕಡೆ ನೋಡಿದ. ಕ್ಯಾಂಬರು, ಕ್ಯಾಸ್ಟರು ಮೊದಲು, ಟೋ ಕೊನೆಗೆ ಅಂತ ಹುಡುಗ ಚಕ್ರದ ಕೋನಗಳ ಲೆಕ್ಕವನ್ನು ತನ್ನಷ್ಟಕ್ಕೆ ಹೇಳಿಕೊಂಡ. ಆಮೇಲೆ, "ಡ್ರೈವರ್ ಸೀಟಲ್ಲಿ ನೀವೇ ಕೂತ್ಕೊಳ್ಳಿ ಸರ್, ಹಗುರ ಗಾಡಿ, ಭಾರ ಬಿದ್ರೆ ಅಳತೆ ಬದಲಾಗುತ್ತೆ." ಈ ಕೆಲಸದಲ್ಲಿ ನನ್ನ ಹೊಟ್ಟೆಗೂ ಒಂದು ಪಾತ್ರ ಸಿಕ್ಕಿದ್ದು ಅದೇ ಮೊದಲು.

ಕಂಪ್ಯೂಟರ್ ಮುಂದೆ ಕೂತು ಹುಡುಗ ಕೇಳಿದ. "ಯಾವ ಮಾಡೆಲ್ ಅಂತ ಹಾಕ್ಲಿ?"

"ಎನ್‌ಎ" ಅಂದೆ ನಾನು.

"ಎನ್‌ಬಿ" ಅಂದ ಭಾಮೈದ.

ಹುಡುಗ ಇಬ್ಬರ ಮುಖವನ್ನೂ ನೋಡಿದ. ಪಟ್ಟಿಯನ್ನು ಕೆಳಗೆ, ಇನ್ನೂ ಕೆಳಗೆ ಜಾರಿಸಿಕೊಂಡು ಹೋಗಿ, 'ಇತರೆ' ಅಂತ ಇದ್ದಲ್ಲಿ ಒತ್ತಿದ.